ಬಾಳೆಹಣ್ಣಿಗೆ ಮುತ್ತುವ ಗುಂಗುರು

ಕೇಳುಗರಿಗೆ ನಮಸ್ಕಾರ.

ಏಲಕ್ಕಿ ಬಾಳೆಹಣ್ಣು ತಂದು ನಾಲ್ಕು ದಿನ ಅಡುಗೆಮನೆಯಲ್ಲಿ ಮರೆತುಬಿಡಿ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬೀಳುವ ಹೊತ್ತಿಗೆ ಸಣ್ಣ ಗುಂಗುರುಗಳು ಹಾಜರು. ಕಿಟಕಿ ಮುಚ್ಚಿದ್ದರೂ ಎಲ್ಲಿಂದ ಬರುತ್ತವೋ! ನಮ್ಮ ಮನೆಯಲ್ಲಂತೂ ಮಾವಿನ ಕಾಲದಲ್ಲಿ ಇವುಗಳದ್ದೇ ದರ್ಬಾರು. ಲ್ಯಾಬಿನಲ್ಲಿ ಇದರ ಹೆಸರು ಡ್ರೊಸೊಫಿಲಾ, ಹಣ್ಣಿನ ನೊಣ. ಗಾತ್ರ ಒಂದು ಎಳ್ಳಿನಷ್ಟು. ಇಷ್ಟು ಪುಟ್ಟ ಹುಳಕ್ಕೆ ಹಣ್ಣಿನ ವಾಸನೆ ಗೊತ್ತಾಗುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಯೊಬ್ಬರು ನಮ್ಮ ಬೆಂಗಳೂರಿನಲ್ಲಿದ್ದರು. ಒಬೈದ್ ಸಿದ್ದಿಖಿ.

ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಓದಿದ್ದು ಅಲೀಗಢದಲ್ಲಿ, ಆಮೇಲೆ ಗ್ಲಾಸ್ಗೋದಲ್ಲಿ. ಅಲ್ಲಿ ಬೂಷ್ಟಿನ ಜೀನ್‌ಗಳ, ಅಂದರೆ ತಲೆಮಾರಿನಿಂದ ತಲೆಮಾರಿಗೆ ದಾಟುವ ಗುಣಗಳ ಸೂತ್ರಗಳ, ಮೇಲೆ ಪಿಎಚ್‌ಡಿ. ನಂತರ ಅಮೆರಿಕದಲ್ಲಿ ಬ್ಯಾಕ್ಟೀರಿಯಾ. 1962ರಲ್ಲಿ ಹೋಮಿ ಭಾಭಾ ಕರೆದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆಣ್ವಿಕ ಜೀವವಿಜ್ಞಾನದ, ಅಂದರೆ ಜೀವವನ್ನು ಅಣುಗಳ ಮಟ್ಟದಲ್ಲಿ ನೋಡುವ ಶಾಸ್ತ್ರದ, ಘಟಕ ಶುರುವಾಯಿತು. ಹೆಸರಿತ್ತು, ಲ್ಯಾಬ್ ಇತ್ತು. ಆದರೂ ನಲವತ್ತರ ಆಸುಪಾಸಿನಲ್ಲಿ ಗೊತ್ತಿದ್ದ ದಾರಿ ಬಿಟ್ಟು ನೊಣದ ಕಡೆ ಹೊರಳಿದರು. ಅವರ ಬದುಕಿನಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಕ್ಯಾಲಿಫೋರ್ನಿಯಾದಲ್ಲಿ ಸೀಮೋರ್ ಬೆಂಜರ್ ಎಂಬ ವಿಜ್ಞಾನಿಯ ಜೊತೆ ಅವರು ವಿಚಿತ್ರ ನೊಣಗಳನ್ನು ನೋಡಿದರು. ಮಾಮೂಲಿ ಹವೆಯಲ್ಲಿ ಚೆನ್ನಾಗೇ ಓಡಾಡಿಕೊಂಡಿರುತ್ತವೆ. ಸ್ವಲ್ಪ ಬಿಸಿ ಏರಿಸಿದರೆ ಬಿದ್ದುಬಿಡುತ್ತವೆ, ಕಾಲು ಆಡುವುದಿಲ್ಲ. ತಣ್ಣಗಾದರೆ ಮತ್ತೆ ಎದ್ದು ನಡೆಯುತ್ತವೆ! ಅವುಗಳ ನರದಲ್ಲಿ ಏನು ಕೆಟ್ಟಿದೆ ಎಂದು ಇಬ್ಬರೂ ಅಳೆದು ನೋಡಿ 1976ರಲ್ಲಿ ಪ್ರಕಟಿಸಿದರು. ಆ ನೊಣಗಳಲ್ಲಿ ಕೆಟ್ಟಿದ್ದ ಜೀನ್‌ಗಳಲ್ಲಿ 'ಪ್ಯಾರಾ' ಎಂಬುದು ಒಂದು. ನರದೊಳಕ್ಕೆ ಸೋಡಿಯಂ ಬಿಡುವ ಬಾಗಿಲು ಈ ಜೀನಿನಿಂದಲೇ ಆಗುವುದು ಎಂದು ಆಮೇಲೆ ತಿಳಿಯಿತು. ಆ ಬಾಗಿಲು ತೆರೆಯದಿದ್ದರೆ ನರದಲ್ಲಿ ಸುದ್ದಿ ಮುಂದಕ್ಕೆ ಹೋಗದು.

ಕೆಟ್ಟ ನೊಣ ಯಾಕೆ ಬೇಕು ಅಂತೀರಾ? ಮನೆಯ ಫ್ಯೂಸುಗಳಲ್ಲಿ ಯಾವುದು ಯಾವ ಕೋಣೆಯದು ಗೊತ್ತಿಲ್ಲ ಅಂದುಕೊಳ್ಳಿ. ಏನು ಮಾಡ್ತೀವಿ? ಒಂದೊಂದೇ ಕಿತ್ತು ನೋಡ್ತೀವಿ. ದೇವರಮನೆ ದೀಪ ಆರಿತಾ, ಸರಿ, ಇದು ಅದರದ್ದು. ಒಂದು ಜೀನ್ ಕೆಟ್ಟ ನೊಣ ಎಂದರೆ ಒಂದು ಫ್ಯೂಸ್ ಕಿತ್ತ ಮನೆ. ಜೀನ್‌ಗಳ ವೈರಿಂಗ್ ಅಷ್ಟು ಶಿಸ್ತಿನದ್ದಲ್ಲ, ಬಿಡಿ. ಒಂದು ಕಿತ್ತರೆ ನಡುಮನೆಯ ದೀಪದ ಜೊತೆ ಸಂಪಿನ ಮೋಟರೂ ನಿಲ್ಲಬಹುದು.

ಮುಂಬೈಗೆ ಮರಳಿ ಸಿದ್ದಿಖಿ ವಾಸನೆ, ರುಚಿಗೆ ಕೈ ಹಾಕಿದರು. ಜೊತೆಗೆ ಸಿಕ್ಕವರು ವೆರೋನಿಕಾ ರಾಡ್ರಿಗಸ್. ಕೀನ್ಯಾದಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಓದುತ್ತಿದ್ದ ಹುಡುಗಿ ಸಿದ್ದಿಖಿಯವರಿಗೆ ಪತ್ರ ಬರೆದು ಬಂದು ಸೇರಿದ್ದರು. ಅವರ ಉಪಕರಣ ನೋಡಿದರೆ ನಗು ಬರಬೇಕು: ಕವಲೊಡೆದ ಗಾಜಿನ ಕೊಳವೆ. ಒಂದು ಕವಲಲ್ಲಿ ವಾಸನೆ, ಇನ್ನೊಂದರಲ್ಲಿ ಬರೀ ಗಾಳಿ. ನೊಣ ಬಿಡು, ಯಾವ ಕಡೆ ಎಷ್ಟು ಹೋದವು ಎಣಿಸು. ಸುಮ್ನೆ ಎಣಿಸುವುದು! ಹೀಗೆ ವಾಸನೆ ಹಿಡಿಯದ ನೊಣಗಳನ್ನು ಹೆಕ್ಕಿ 1978ರಲ್ಲಿ ಬರೆದರು. ಸ್ವಾರಸ್ಯ ಇರುವುದು ಇಲ್ಲಿ. ಒಂದು ಬಗೆಯ ವಾಸನೆ ತಿಳಿಯದ ನೊಣಕ್ಕೆ ಇನ್ನೊಂದು ಬಗೆಯದು ಚೆನ್ನಾಗೇ ತಿಳಿಯುತ್ತಿತ್ತು. ಅಂದರೆ ವಾಸನೆಗೆಲ್ಲ ಒಂದೇ ತಂತಿ ಇಲ್ಲ, ಬೇರೆ ಬೇರೆ ಸಾಲು ಇವೆ ಅಂತಾಯ್ತು, ಅಲ್ವಾ? ಸಕ್ಕರೆ ರುಚಿ ಹತ್ತದ, ಕ್ವಿನೈನ್ ಕಹಿ ತಿಳಿಯದ ನೊಣಗಳೂ ಸಿಕ್ಕವು. ಅಂದ ಹಾಗೆ, ನೊಣ ಕಾಲಿನಿಂದಲೂ ರುಚಿ ನೋಡುತ್ತದೆ. ನಿಮ್ಮ ಪಾಯಸದ ಮೇಲೆ ಅದು ಯಾಕೆ ಅಡ್ಡಾಡುತ್ತದೆ ಗೊತ್ತಾಯ್ತಲ್ಲ.

1990ರ ದಶಕದ ಆರಂಭದಲ್ಲಿ ಸಿದ್ದಿಖಿ ಬೆಂಗಳೂರಿನಲ್ಲಿ ಎನ್‌ಸಿಬಿಎಸ್, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಕಟ್ಟಿದರು. ಬಳ್ಳಾರಿ ರಸ್ತೆಯಲ್ಲಿ ಕೃಷಿ ಮೇಳಕ್ಕೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಗೆ ಹೋಗಿದ್ದೀರಲ್ಲ, ಅದೇ ಆವರಣದಲ್ಲಿದೆ. ವೆರೋನಿಕಾ ಕೂಡ ಇಲ್ಲಿಗೇ ಬಂದರು, 2010ರಲ್ಲಿ ತೀರಿಕೊಂಡರು. 2006ರಲ್ಲಿ ಸಿದ್ದಿಖಿಯವರಿಗೆ ಪದ್ಮವಿಭೂಷಣ ಸಿಕ್ಕಿತು. ಅದಾದ ಮೇಲೂ ಲ್ಯಾಬ್ ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ನೋಡುತ್ತಿದ್ದುದು ನೊಣದ ಮರಿಹುಳುವನ್ನು, ಕೊಳೆತ ಹಣ್ಣಿನೊಳಗೆ ಮಿಸುಕಾಡುತ್ತದಲ್ಲ, ಅದನ್ನು. ತೊಂದರೆಯ ಜೊತೆ ಬಂದ ವಾಸನೆಯನ್ನು ಅದು ನೆನಪಿಟ್ಟುಕೊಂಡು ದೂರ ಸರಿಯುತ್ತದೆಯೇ?

ಸರಿಯುತ್ತದೆ. 2009ರಲ್ಲಿ ಅವರ ತಂಡ ಇದನ್ನು ಬರೆದಾಗ ಸಿದ್ದಿಖಿಯವರಿಗೆ 77. ನಾಲ್ಕು ವರ್ಷದ ನಂತರ, ಜುಲೈನಲ್ಲಿ, ಬೆಂಗಳೂರಿನ ರಸ್ತೆಯಲ್ಲಾದ ಅಪಘಾತದಿಂದ ಅವರು ತೀರಿಕೊಂಡರು.

ನಮಸ್ಕಾರ.