ನೆಲ ಕರಗಿದಾಗ ಧ್ರುವದ ಸಿಹಿನೀರಿಗೆ ಏನಾಗುತ್ತದೆ?

[ದೃಶ್ಯ: ಎತ್ತರದಿಂದ ಕಾಣುವ ಸೈಬೀರಿಯಾದ ಬಯಲು, ಉದ್ದಕ್ಕೂ ಸರೋವರಗಳು]

ನಮಸ್ಕಾರ. ಧ್ರುವ ಪ್ರದೇಶ ಬಿಸಿಯಾಗುತ್ತಿದೆ ಎಂದೊಡನೆ ಮಾತು ಸಮುದ್ರಮಟ್ಟದತ್ತ ಹೊರಳುತ್ತದೆ. ಅಲ್ಲಿನ ಜನ ಕುಡಿಯುವ, ಮೀನುಗಳು ಬದುಕುವ ಸಿಹಿನೀರನ್ನು ವಿಚಾರಿಸುವವರು ಕಡಿಮೆ. ಇಂದು ಅದನ್ನೇ ನೋಡೋಣ.

ಆರ್ಕ್ಟಿಕ್‌ನ ಹಲವೆಡೆ ಮಳೆ, ಹಿಮ ಎರಡೂ ತೀರಾ ಕಡಿಮೆ. ಆದರೂ ಅಲ್ಲಿ ಲೆಕ್ಕವಿಲ್ಲದಷ್ಟು ಸರೋವರಗಳಿವೆ. ಇದಕ್ಕೆ ಮುಖ್ಯ ಕಾರಣ ಪರ್ಮಾಫ್ರಾಸ್ಟ್, ಅಂದರೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲ. ನೀರು ಅದರೊಳಗೆ ಇಂಗಲಾರದೆ, ಪಾತ್ರೆಯಲ್ಲಿರುವಂತೆ ಮೇಲೆಯೇ ನಿಲ್ಲುತ್ತದೆ.

ತಳವೇ ತೂತಾದರೆ? ಪಶ್ಚಿಮ ಸೈಬೀರಿಯಾದ 1973ರ ಉಪಗ್ರಹ ಚಿತ್ರಗಳನ್ನು 1997–98ರ ಚಿತ್ರಗಳೊಂದಿಗೆ ಹೋಲಿಸಿದಾಗ, 40 ಹೆಕ್ಟೇರ್‌ಗಿಂತ ದೊಡ್ಡ ಸರೋವರಗಳು 10,882ರಿಂದ 9,712ಕ್ಕೆ ಇಳಿದಿದ್ದವು. ವಿಚಿತ್ರವೆಂದರೆ, ಉತ್ತರಕ್ಕೆ, ನೆಲ ಇನ್ನೂ ಎಡೆಬಿಡದೆ ಹೆಪ್ಪುಗಟ್ಟಿರುವ ಕಡೆ, ಸರೋವರಗಳು ಹಿಗ್ಗಿದ್ದವು. ಕರಗುವಿಕೆ ಮೊದಲು ಅಂಚನ್ನು ಕುಸಿಸಿ ಕೆರೆಯನ್ನು ದೊಡ್ಡದು ಮಾಡುತ್ತದೆ. ತಳದವರೆಗೂ ಇಳಿದ ಮೇಲೆ ನೀರನ್ನು ಬಸಿದುಬಿಡುತ್ತದೆ. ಹಾಗಾಗಿ ಹಿಗ್ಗುತ್ತಿರುವ ಸರೋವರವನ್ನು ಕಂಡು ನೀರು ಹೆಚ್ಚಿತೆಂದು ನಿರಾಳವಾಗುವಂತಿಲ್ಲ.

ಇಂಗದಿದ್ದರೆ ಆವಿಯಾಗಬಹುದು. ಕೆನಡಾದ ಎಲ್ಸ್‌ಮಿಯರ್ ದ್ವೀಪದ ಕೇಪ್ ಹರ್ಷೆಲ್‌ನಲ್ಲಿ ಸಾವಿರಾರು ವರ್ಷಗಳಿಂದ ಇದ್ದ ಕೆಲವು ಕೊಳಗಳು 2006ರ ಬೇಸಿಗೆಯಲ್ಲಿ ಪೂರ್ತಿ ಒಣಗಿದವು.

[ದೃಶ್ಯ: ಹಸಿರು ಕಣಿವೆಯ ನಡುವೆ ಕಿತ್ತಳೆ ಬಣ್ಣದ ಹೊಳೆ]

ನನ್ನನ್ನು ಹೆಚ್ಚು ಕಾಡುವುದು ಅಲಾಸ್ಕಾ. ಅಲ್ಲಿನ ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ ತಿಳಿಯಾಗಿದ್ದ ಹೊಳೆಗಳು ತುಕ್ಕಿನ ಬಣ್ಣಕ್ಕೆ ತಿರುಗಿವೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂತಹ 75 ಹೊಳೆಗಳನ್ನು ಗುರುತಿಸಿತು. ಇವುಗಳಲ್ಲಿ ಹಲವು ರಾಷ್ಟ್ರೀಯ ಉದ್ಯಾನದೊಳಗಿನ ದುರ್ಗಮ ಕಣಿವೆಗಳಲ್ಲಿವೆ. ಗಣಿಗಾರಿಕೆಯ ಮೇಲೆ ದೂರು ಹೊರಿಸುವಂತಿಲ್ಲ. ಹೆಪ್ಪುಗಟ್ಟಿದ ನೆಲದಲ್ಲಿ ಗಂಧಕಯುಕ್ತ ಖನಿಜಗಳು ಹುದುಗಿದ್ದವು. ನೆಲ ಕರಗಿ ಅವುಗಳಿಗೆ ನೀರೂ ಆಮ್ಲಜನಕವೂ ತಾಗಿದಾಗ ಆಮ್ಲ ಹುಟ್ಟುತ್ತದೆ. ಆಮ್ಲ ಬಂಡೆಯಿಂದ ಕಬ್ಬಿಣದ ಜೊತೆಗೆ ಸತು, ನಿಕಲ್, ತಾಮ್ರ, ಕ್ಯಾಡ್ಮಿಯಂಗಳನ್ನೂ ಕರಗಿಸಿ ತರುತ್ತದೆ. ಕೆಲವೆಡೆ ನೀರಿನ ಪಿಹೆಚ್ (ಇದು ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ) 2.3ಕ್ಕೆ ಇಳಿದಿತ್ತು. ಕೋಬಕ್ ಕಣಿವೆಯ ಒಂದು ತೊರೆ ಬಣ್ಣ ಬದಲಿಸಿದಾಗ ಅಲ್ಲಿದ್ದ ಎರಡು ಜಾತಿಯ ಮೀನುಗಳೂ ಕಾಣೆಯಾದವು. ಕೆಳಗಿನ ಹಳ್ಳಿಗಳ ಜನರಿಗೆ ಮೀನು ಹವ್ಯಾಸವಲ್ಲ, ಊಟ.

ಇದೆಲ್ಲ ದಶಕಗಟ್ಟಲೆ ಹಿಡಿಯುವ ಬದಲಾವಣೆ ಎಂದುಕೊಂಡಿದ್ದರೆ ಪಶ್ಚಿಮ ಗ್ರೀನ್‌ಲ್ಯಾಂಡ್ ನೋಡಿ. 2022ರ ಶರತ್ಕಾಲದಲ್ಲಿ ಅಲ್ಲಿ ದಾಖಲೆಯ ಬಿಸಿ, ಹಿಮ ಬೀಳಬೇಕಾದಲ್ಲಿ ಮಳೆ. ಆ ಮಳೆ ಕರಗಿದ ನೆಲದ ಇಂಗಾಲವನ್ನೂ ಕಬ್ಬಿಣವನ್ನೂ ತೊಳೆದು ಕೆರೆಗಳಿಗೆ ತಂದಿತು. ಮರುಬೇಸಿಗೆಯ ಹೊತ್ತಿಗೆ ನೀಲಿ ಸರೋವರಗಳು ಕಂದಾಗಿದ್ದವು. ಇಂತಹ ನೀರನ್ನು ಶುದ್ಧೀಕರಿಸಲು ಕ್ಲೋರಿನ್ ಬೆರೆಸಿದರೆ, ಅದು ಸಾವಯವ ಅಂಶಗಳೊಂದಿಗೆ ಸೇರಿ ಆರೋಗ್ಯಕ್ಕೆ ಹಾನಿಕರವಾದ ರಾಸಾಯನಿಕಗಳು ಉಂಟಾಗಬಹುದು.