ತಣ್ಣೀರಿನ ಮೀನು, ಬೆಟ್ಟದ ಮೇಲಿನ ಸರೋವರ

ಕೇಳುಗರೆಲ್ಲರಿಗೂ ನಮಸ್ಕಾರ. ಎತ್ತರದ ಬೆಟ್ಟದ ಸರೋವರಕ್ಕೆ ಗಾಳ ಹೊತ್ಕೊಂಡು ಹೋಗಿ, ದಡದ ಹತ್ರ ಟೆಂಟ್ ಹಾಕಿ, ಒಂದೆರಡು ರಾತ್ರಿ ಇದ್ದು ಬರೋದಿದ್ಯಲ್ಲ, ಇವತ್ತು ಅದರ ಬಗ್ಗೆ ಮಾತಾಡ್ತೀನಿ. ಅಲ್ಲಿ ಯಜಮಾನಿಕೆ ಎಲ್ಲಾ ಚಳೀದೇ, ಮೀನಿನ ಮೇಲೂ ನಮ್ಮ ಮೇಲೂ.

ಟ್ರೌಟ್ ತಣ್ಣೀರಿನ ಮೀನು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಜಾಸ್ತಿ ಕರಗತ್ತೆ, ಸಮುದ್ರಮಟ್ಟದ ಲೆಕ್ಕ ತಗೊಂಡ್ರೆ ಸೊನ್ನೆ ಡಿಗ್ರಿ ನೀರಲ್ಲಿ ಲೀಟರಿಗೆ ಹೆಚ್ಚುಕಮ್ಮಿ 14 ಮಿಲಿಗ್ರಾಂ, 20 ಡಿಗ್ರಿ ನೀರಲ್ಲಿ 9 ಅಷ್ಟೇ. ಎತ್ತರದಲ್ಲಿ ಗಾಳಿ ತೆಳು, ಹಾಗಾಗಿ ಇದೂ ಕಮ್ಮಿಯಾಗತ್ತೆ, ಅಲ್ಲಿ ಮೀನಿಗೆ ಚಳಿ ಇನ್ನೂ ಬೇಕು. ಚಳಿಗಾಲದಲ್ಲಿ ಮೇಲೆಲ್ಲಾ ಮಂಜುಗಡ್ಡೆ ಕಟ್ಟಿದ್ರೂ ಸಾಯಲ್ಲ, ಯಾಕಂದ್ರೆ ನೀರು ಅತೀ ಭಾರ ಆಗೋದು 4 ಡಿಗ್ರಿಯಲ್ಲಿ, ಆ ನೀರು ತಳಕ್ಕೆ ಇಳಿದು ಕೂತಿರತ್ತೆ, ಮೀನೂ ಅಲ್ಲೇ ಕೆಳಗೆ ಅಲ್ಲಾಡದೆ ಕಾಲ ಕಳೆಯತ್ತೆ. ಮಂಜು ಕರಗಿ ಹುಳಹುಪ್ಪಟೆ ಸಿಗೋದು ವರ್ಷಕ್ಕೆ ಕೆಲವೇ ತಿಂಗಳು, ಅಷ್ಟರೊಳಗೆ ಮೈ ಬೆಳೀಬೇಕು. ಅದಕ್ಕೇ ಅಲ್ಲಿ ಗೇಣುದ್ದದ ಮೀನು ಸಿಕ್ಕಿದ್ರೆ ಚಿಕ್ಕದು ಅಂತ ಮುಖ ಸಿಂಡರಿಸಬೇಡಿ, ಅದಕ್ಕೆ ಎಷ್ಟೋ ಚಳಿಗಾಲ ಆಗಿರಬಹುದು.

ಇನ್ನೊಂದು ವಿಷ್ಯ, ಇಂಥ ಎಷ್ಟೋ ಸರೋವರಗಳಲ್ಲಿ ಮೊದಲು ಮೀನೇ ಇರಲಿಲ್ಲ. ಕೆಳಗಿನ ಜಲಪಾತ ಹತ್ತಿ ಮೀನು ಬರೋಕಾಗಲ್ಲ, ಮನುಷ್ಯರೇ ಹೊತ್ಕೊಂಡು ಹೋಗಿ ಬಿಟ್ಟಿದ್ದು. ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಹೀಗೆ ಬಿಟ್ಟ ಟ್ರೌಟ್ ಗೊದಮೊಟ್ಟೆಗಳನ್ನ ತಿಂದು ಅಲ್ಲಿನ ಹಳದಿ ಕಾಲಿನ ಕಪ್ಪೆಗಳು ಕಾಣೆಯಾಗ್ತಾ ಬಂದ್ವು, ಆಮೇಲೆ ಕೆಲವು ಸರೋವರಗಳಿಂದ ಮೀನನ್ನೇ ತೆಗೆದ್ರು, ಕಪ್ಪೆಗಳು ವಾಪಸ್ ಬಂದ್ವು. ನಂಗೆ ಮೀನು ಹಿಡಿಯೋದು ಪ್ರಾಣ, ಆದ್ರೂ ಅದು ಸರಿಯಾದ ಕೆಲಸ ಅಂತಲೇ ಹೇಳ್ತೀನಿ.

ಸರಿ, ದಡಕ್ಕೆ ಬಂದ್ರಿ. ತಕ್ಷಣ ಗಾಳ ಎಸೀಬೇಡಿ, ಹತ್ತು ನಿಮಿಷ ಬಂಡೆ ಮೇಲೆ ಕೂತು ಸುಮ್ನೆ ನೀರು ನೋಡಿ. ತಿಳಿ ಹಸಿರು ನೀರು ಒಂದು ಕಡೆ ಇದ್ದಕ್ಕಿದ್ದ ಹಾಗೆ ಕಡು ನೀಲಿ ಆಗತ್ತಲ್ಲ, ಅಲ್ಲಿ ತಳ ಧುತ್ತಂತ ಇಳಿದಿದೆ ಅಂತ ಅರ್ಥ, ಆ ಅಂಚಿನಗುಂಟ ಮೀನು ಸುತ್ತು ಹಾಕ್ತಿರತ್ತೆ. ತೊರೆ ಬಂದು ಸೇರೋ ಜಾಗ ಇದ್ರೆ ಇನ್ನೂ ಒಳ್ಳೇದು, ಅಲ್ಲಿ ಹರಿವಿಗೆ ಮುಖ ಮಾಡ್ಕೊಂಡು ಬಾಯಿಗೆ ಬರೋ ಹುಳಕ್ಕೆ ಕಾಯ್ತಾ ನಿಂತಿರತ್ತೆ. ನೆಟ್ಟಗೆ ನಿಂತ್ಕೋಬೇಡಿ, ನೀರೊಳಗಿಂದ ಮೀನಿಗೆ ಹೊರಗಿನ ಲೋಕವೆಲ್ಲಾ ತಲೆ ಮೇಲಿರೋ ಒಂದು ದುಂಡನೆ ಕಿಟಕೀಲಿ ಕಾಣತ್ತೆ, ಬಗ್ಗಿದಷ್ಟೂ ನಾವು ಆ ಕಿಟಕಿಯ ಅಂಚಿಗೆ ಸರೀತೀವಿ. ಸಂಜೆ ಗಾಳಿ ನಿಂತು ನೀರು ಕನ್ನಡಿ ಆದಾಗ ಮೀನು ಮೇಲೆ ಬಂದು ಹುಳ ಹಿಡಿದ ಕಡೆ ನೀರಲ್ಲಿ ಅಲ್ಲೊಂದು ಇಲ್ಲೊಂದು ಉಂಗುರ ಏಳತ್ತೆ. ಉಂಗುರದ ಮೇಲೇ ಎಸೆದ್ರೆ ಪ್ರಯೋಜನ ಇಲ್ಲ, ಮೀನು ಆಗಲೇ ಮುಂದೆ ಹೋಗಿರತ್ತೆ, ಎರಡು ಉಂಗುರ ನೋಡಿ ಯಾವ ಕಡೆ ಹೊರಟಿದೆ ಅಂತ ಗುರುತಿಟ್ಕೊಂಡು ಅದರ ಮುಂದೆ ಫ್ಲೈ, ಅಂದ್ರೆ ಹುಳದ ಹಾಗೆ ಕಾಣೋ ಕೃತಕ ಗಾಳ, ಇಳಿಸಿ, ಕಾಯಿರಿ. ಆ ಕಾಯೋದಿದ್ಯಲ್ಲ, ಎದೆ ಬಡಿತ ಕಿವಿಗೆ ಕೇಳತ್ತೆ.

ಹಿಡಿದು ವಾಪಸ್ ನೀರಿಗೆ ಬಿಡೋ ಮೀನಾದ್ರೆ ತುದೀಲಿ ಹಿಮ್ಮುಖ ಮುಳ್ಳಿಲ್ಲದ ಗಾಳ ಹಾಕಿ, ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೊಳ್ಳಿ, ಒಣ ಕೈಗೆ ಅದರ ಮೈ ಲೋಳೆ ಕಿತ್ತು ಬರತ್ತೆ, ಆ ಲೋಳೇನೇ ಅದಕ್ಕೆ ರೋಗದಿಂದ ರಕ್ಷಣೆ. ನೀರೊಳಗೇ ಗಾಳ ಬಿಡಿಸಿ. ತಿನ್ನೋಕೆ ಒಂದು ಬೇಕು ಅಂದ್ರೆ ಒಂದೇ ತಗೊಳ್ಳಿ, ಅದೂ ಅಲ್ಲಿನ ಪರ್ಮಿಟ್‌ನಲ್ಲಿ ಅವಕಾಶ ಇದ್ರೆ.

ಟೆಂಟನ್ನ ನೀರಿಂದ ಒಂದು 60 ಮೀಟರ್ ದೂರ ಹಾಕಿ, ತಗ್ಗಲ್ಲಿ ಬೇಡ, ರಾತ್ರಿ ತಣ್ಣನೆ ಗಾಳಿ ನೀರಿನ ಹಾಗೆ ಹರಿದು ತಗ್ಗಿಗೇ ಬಂದು ನಿಲ್ಲತ್ತೆ. ಚಳಿ ಹೆಚ್ಚು ಏರೋದು ನೆಲದಿಂದ, ಹಾಗಾಗಿ ಸ್ಲೀಪಿಂಗ್ ಬ್ಯಾಗಷ್ಟೇ ಕೆಳಗಿನ ಮ್ಯಾಟೂ ಮುಖ್ಯ. 3000 ಮೀಟರಲ್ಲಿ ನೀರು 90 ಡಿಗ್ರಿಗೇ ಕುದಿಯತ್ತೆ, ಅಡುಗೆ ತಡ ಆಗತ್ತೆ, ಗ್ಯಾಸ್ ಸ್ವಲ್ಪ ಜಾಸ್ತೀನೇ ಇಟ್ಕೊಳ್ಳಿ. ಕರಡಿ ಇರೋ ಕಡೆ ಊಟದ ಸಾಮಾನು, ಮೀನಿನ ವಾಸನೆ ಹತ್ತಿದ ಬಟ್ಟೆ ಯಾವುದೂ ಟೆಂಟ್ ಒಳಗೆ ಬೇಡ. ಎತ್ತರಕ್ಕೆ ತಲೆನೋವು, ವಾಕರಿಕೆ ಶುರುವಾಗಿ ಜಾಸ್ತಿ ಆಗ್ತಿದೆ ಅಂದ್ರೆ ಮೀನು ಗೀನು ಮರೆತು ಕೆಳಗೆ ಇಳೀರಿ, ಇದರಲ್ಲಿ ಹಟ ಬೇಡವೇ ಬೇಡ. ಮಧ್ಯಾಹ್ನ ಗುಡುಗು ಕೇಳಿದ್ರೆ ಗಾಳದ ಕೋಲು ಕೆಳಗಿಟ್ಟು ದಡ ಬಿಡಿ.

ಬೆಳಗ್ಗೆ ಟೆಂಟಿನ ಜಿಪ್ ಮೇಲೆ ಹಿಮದ ಪುಡಿ ಕೂತಿರತ್ತೆ, ಬೆರಳು ಬಗ್ಗಲ್ಲ. ಆತುರ ಮಾಡ್ಬೇಡಿ. ಬಿಸಿಲು ಶಿಖರದಿಂದ ನಿಧಾನಕ್ಕೆ ಇಳಿದು ದಡದ ತೆಳು ನೀರಿಗೆ ಬೀಳ್ಲಿ, ನಾನು ಕಂಡ ಹಾಗೆ ಮೊದಲ ಹುಳ ಏಳೋದು ಆಗಲೇ, ಅದರ ಹಿಂದೆ ಮೊದಲ ಉಂಗುರ.