14 ತಂಡಗಳ ಜೆರ್ಸಿ ಹಾಕಿದ ಪಿಚರ್: ಎಡ್ವಿನ್ ಜಾಕ್ಸನ್ ಕಥೆ

[ಪರದೆ ಮೇಲೆ: ಅಮೆರಿಕದ ಮ್ಯಾಪ್. ಹೆಸರು ಹೇಳಿದ ಹಾಗೆ ಒಂದೊಂದೇ ಊರಿನ ಚುಕ್ಕೆ ಮೂಡುತ್ತದೆ]

ಲಾಸ್ ಏಂಜಲಿಸ್. ಟ್ಯಾಂಪಾ ಬೇ. ಡೆಟ್ರಾಯಿಟ್. ಅರಿಝೋನಾ. ಶಿಕಾಗೋ. ಸೇಂಟ್ ಲೂಯಿಸ್. ವಾಷಿಂಗ್ಟನ್. ಮತ್ತೆ ಶಿಕಾಗೋ, ಆದರೆ ಅದೇ ಊರಿನ ಇನ್ನೊಂದು ತಂಡ. ಅಟ್ಲಾಂಟಾ. ಮಯಾಮಿ. ಸ್ಯಾನ್ ಡಿಯಾಗೋ. ಬಾಲ್ಟಿಮೋರ್. ಓಕ್ಲೆಂಡ್. ಕೊನೆಗೆ ಗಡಿ ದಾಟಿ ಕೆನಡಾದ ಟೊರಾಂಟೋ.

ಇಷ್ಟೂ ತಂಡಗಳ ಜೆರ್ಸಿ ಹಾಕಿಕೊಂಡು ಬಾಲ್ ಎಸೆದವನು ಒಬ್ಬನೇ. ಹೆಸರು ಎಡ್ವಿನ್ ಜಾಕ್ಸನ್. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಇರುವುದೇ 30 ತಂಡ, ಅದರಲ್ಲಿ 14ಕ್ಕೆ ಆಡಿದ್ದಾನೆ. ನಮ್ಮ ಐಪಿಎಲ್‌ನಲ್ಲಿ ಆರನ್ ಫಿಂಚ್ 9 ತಂಡಕ್ಕೆ ಆಡಿದಾಗ ನಾವೆಲ್ಲ ನಕ್ಕಿದ್ದೆವು, ಅದರಲ್ಲಿ ನಮ್ಮ ಆರ್‌ಸಿಬಿಯೂ ಒಂದು. ಈತನ ಮುಂದೆ ಫಿಂಚ್ ಏನೂ ಅಲ್ಲ.

ಇಷ್ಟು ತಂಡ ಬದಲಾಯಿಸಿದ ಅಂದರೆ ಆಟ ಸರಿಯಾಗಿ ಬರುತ್ತಿರಲಿಲ್ಲವೇನೋ, ಎಲ್ಲರೂ ಸಾಕಪ್ಪಾ ಸಾಕು ಅಂತ ಕಳಿಸಿಬಿಟ್ಟರೇನೋ ಅನಿಸುತ್ತದೆ ಅಲ್ವಾ? ನನ್ನ ಲೆಕ್ಕ ಉಲ್ಟಾ. ಈತನನ್ನು ಬೇಕು ಅಂದ ತಂಡಗಳು 14. ಯಾಕೆ ಬೇಕಿತ್ತು, ಬೇಕು ಅಂದವರು ಯಾಕೆ ಉಳಿಸಿಕೊಳ್ಳಲಿಲ್ಲ, ಇವತ್ತು ನೋಡೋಣ.

ಮೊದಲು ಆಟದ ಬಗ್ಗೆ ಎರಡು ಮಾತು. ಬೇಸ್‌ಬಾಲ್ ಗೊತ್ತಿರುವವರು ಸ್ವಲ್ಪ ಮುಂದಕ್ಕೆ ಓಡಿಸಿ.

ಪಿಚರ್ ಅಂದರೆ ಬೌಲರ್ ಅಂತಲೇ ಅಂದುಕೊಳ್ಳಿ, ಆದರೆ ರನ್‌ಅಪ್ ಇಲ್ಲ. ನಿಂತಲ್ಲಿಂದಲೇ ಎಸೆಯಬೇಕು, ಬಾಲ್ ನೆಲಕ್ಕೆ ಬೀಳುವಂತಿಲ್ಲ. ದೂರ 18 ಮೀಟರ್ ಚಿಲ್ಲರೆ, ಕ್ರಿಕೆಟ್ ಪಿಚ್‌ಗಿಂತ ಸ್ವಲ್ಪ ಕಡಿಮೆ. ಒಂದು ಸೀಸನ್‌ಗೆ ಒಂದು ತಂಡ 162 ಪಂದ್ಯ ಆಡುತ್ತದೆ. ದಿನಾ ಒಬ್ಬನೇ ಎಸೆದರೆ ತೋಳು ಕಿತ್ತು ಹೋಗುತ್ತದೆ, ಅದಕ್ಕೆ ಐದು ಜನ ಸರದಿ ಪ್ರಕಾರ ಪಂದ್ಯ ಶುರು ಮಾಡುತ್ತಾರೆ. ಇವರಿಗೆ ಸ್ಟಾರ್ಟರ್ ಅಂತ ಹೆಸರು. ಅಂದರೆ ಒಬ್ಬೊಬ್ಬ ಸ್ಟಾರ್ಟರ್ ಪಾಲಿಗೆ ವರ್ಷಕ್ಕೆ ಸುಮಾರು 32 ಪಂದ್ಯ.

ಈ 32 ಅನ್ನೋ ಸಂಖ್ಯೆ ನೆನಪಿಡಿ, ಇಡೀ ಕಥೆ ಇದರ ಮೇಲೇ ನಿಂತಿದೆ. ಯಾಕೆಂದರೆ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ನೂರು ಬಾಲ್ ಎಸೆದು, ನಾಲ್ಕು ದಿನ ಬಿಟ್ಟು ಮತ್ತೆ ನೂರು ಎಸೆದು, ಹೀಗೆ ಆರು ತಿಂಗಳು ಎಲ್ಲೂ ನೋವು ಅನ್ನದೆ ನಿಲ್ಲುವ ಮೊಣಕೈ ಸಿಗುವುದು ಬಹಳ ಕಷ್ಟ. ಮೊಣಕೈ ಲಿಗಮೆಂಟ್ ಹರಿದು ಆಪರೇಷನ್ ಮಾಡಿಸಿಕೊಂಡು ವರ್ಷಕ್ಕೂ ಜಾಸ್ತಿ ಮನೆಯಲ್ಲಿ ಕೂತ ಪಿಚರ್‌ಗಳು ಎಷ್ಟೋ ಜನ. ಜಾಕ್ಸನ್ 2007ರಿಂದ 2013ರ ತನಕ ಪ್ರತಿ ವರ್ಷವೂ 30ಕ್ಕಿಂತ ಹೆಚ್ಚು ಪಂದ್ಯ ಶುರು ಮಾಡಿದ. ಏಳು ವರ್ಷ! ಸರದಿ ತಪ್ಪಿಸಲೇ ಇಲ್ಲ ಅನ್ನಬಹುದು.

[ಪರದೆ ಮೇಲೆ: 2003, ಫೀನಿಕ್ಸ್]

ಜಾಕ್ಸನ್ ಹುಟ್ಟಿದ್ದು ಜರ್ಮನಿಯ ನೋಯ್-ಉಲ್ಮ್‌ನಲ್ಲಿ, 1983ರಲ್ಲಿ. ಅಪ್ಪ ಅಮೆರಿಕ ಸೇನೆಯಲ್ಲಿದ್ದರು. ಬೆಳೆದದ್ದು ಜಾರ್ಜಿಯಾದ ಕೊಲಂಬಸ್‌ನಲ್ಲಿ. 2001ರಲ್ಲಿ ಹೈಸ್ಕೂಲ್ ಮುಗಿಸಿದ ಕೂಡಲೇ ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ತಂಡ, ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಆರಿಸಿಕೊಂಡಿತು. ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ 2003ರ ಸೆಪ್ಟೆಂಬರ್ 9. ಅವತ್ತೇ ಹುಡುಗನಿಗೆ 20 ತುಂಬಿತ್ತು. ಎದುರಿಗೆ ಯಾರು? ರ‍್ಯಾಂಡಿ ಜಾನ್ಸನ್. ಆರು ಅಡಿ ಹತ್ತು ಇಂಚಿನ ಆಳು, ದೊಡ್ಡ ದೊಡ್ಡ ಬ್ಯಾಟರ್‌ಗಳೇ ಹೆದರುತ್ತಿದ್ದ ಪಿಚರ್, ಮಾರನೇ ದಿನ ಆತನಿಗೆ 40 ತುಂಬುವುದಿತ್ತು. ಹುಡುಗ ಆರು ಇನ್ನಿಂಗ್ಸ್ (ಮೂರು ಔಟ್ ಆದರೆ ಒಂದು ಇನ್ನಿಂಗ್ಸ್, ಪಂದ್ಯಕ್ಕೆ ಒಂಬತ್ತು) ಎಸೆದು ಒಂದೇ ರನ್ ಕೊಟ್ಟ. ಡಾಡ್ಜರ್ಸ್ ಗೆದ್ದರು.

ಅಲ್ಲಿಂದ ಮೇಲಕ್ಕೇ ಹೋದ ಅಂದುಕೊಂಡರೆ, ಇಲ್ಲ. ಮುಂದಿನ ಎರಡು ವರ್ಷ ಮೇಜರ್ ಲೀಗ್‌ಗೂ ಕೆಳಗಿನ ಲೀಗ್‌ಗೂ ಓಡಾಟ. ವೇಗ ಇತ್ತು, ಬಾಲ್ ಎಲ್ಲಿ ಹೋಗುತ್ತದೆ ಅನ್ನುವುದು ಮಾತ್ರ ಎಸೆದವನಿಗೂ ಗ್ಯಾರಂಟಿ ಇರಲಿಲ್ಲ. 2006ರ ಶುರುವಿನಲ್ಲಿ ಡಾಡ್ಜರ್ಸ್ ಆತನನ್ನು ಟ್ಯಾಂಪಾ ಬೇಗೆ ಟ್ರೇಡ್ ಮಾಡಿದರು.

ಟ್ರೇಡ್ ಹೇಗೆ ನಡೆಯುತ್ತದೆ ಅಂದರೆ, ಅಲ್ಲಿ ಹರಾಜು ಇಲ್ಲ. ತಂಡಗಳು ಆಟಗಾರರನ್ನು ನೇರವಾಗಿ ಅದಲುಬದಲು ಮಾಡಿಕೊಳ್ಳುತ್ತವೆ, ಸೀಸನ್ ನಡೆಯುತ್ತಿರುವಾಗಲೇ. ಆಟಗಾರನನ್ನು ಯಾರೂ ಕೇಳುವುದಿಲ್ಲ. ಟ್ರಾನ್ಸ್‌ಫರ್ ಆರ್ಡರ್ ಬಂದ ಸರ್ಕಾರಿ ಮೇಷ್ಟ್ರ ಹಾಗೆ ಗಂಟುಮೂಟೆ ಕಟ್ಟಿ ಹೊರಡಬೇಕು. ಒಪ್ಪುವುದಿಲ್ಲ ಅನ್ನುವ ಹಕ್ಕು ಬರಬೇಕಾದರೆ ಎರಡು ದಾರಿ. ಕಾಂಟ್ರಾಕ್ಟ್‌ನಲ್ಲೇ ಬರೆಸಿಕೊಂಡಿರಬೇಕು. ಇಲ್ಲವೇ ಲೀಗ್‌ನಲ್ಲಿ ಹತ್ತು ವರ್ಷ ಕಳೆದಿರಬೇಕು, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ. ನೋಡಿ, ಇಲ್ಲೇ ಇರುವುದು ತಮಾಷೆ. ಒಂದೇ ಕಡೆ ನೆಲೆ ನಿಂತವನಿಗೆ ಮಾತ್ರ ಓಡಿಸಬೇಡಿ ಅನ್ನುವ ಹಕ್ಕು. ಓಡಾಡುತ್ತಲೇ ಇರುವವನಿಗೆ ಆ ಹಕ್ಕು ಯಾವತ್ತೂ ಬರುವುದಿಲ್ಲ. ಜಾಕ್ಸನ್ ಯಾವ ತಂಡದಲ್ಲೂ ಮೂರು ಸೀಸನ್‌ಗಿಂತ ಜಾಸ್ತಿ ಇದ್ದವನೇ ಅಲ್ಲ.

ಟ್ಯಾಂಪಾದಲ್ಲಿ 2007ರಲ್ಲಿ 5 ಗೆಲುವು, 15 ಸೋಲು (ಬೇಸ್‌ಬಾಲ್‌ನಲ್ಲಿ ಗೆಲುವು ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ, ಆಡಿದ ಎಲ್ಲ ಪಂದ್ಯದ್ದೂ ಅಲ್ಲ). ಮರುವರ್ಷ 14 ಗೆಲುವು, 11 ಸೋಲು, ಮತ್ತು ಯಾವಾಗಲೂ ಪಟ್ಟಿಯ ತಳದಲ್ಲಿ ಬಿದ್ದಿರುತ್ತಿದ್ದ ಆ ತಂಡ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಆಡಿತು! ಬಹುಮಾನ ಏನು ಸಿಕ್ಕಿತು ಅಂದರೆ ಡೆಟ್ರಾಯಿಟ್‌ಗೆ ಟ್ರೇಡ್. ಅಲ್ಲಿ 2009ರಲ್ಲಿ ಆಲ್‌ಸ್ಟಾರ್ ಆದ, ಅಂದರೆ ಲೀಗ್‌ನ ಆಯ್ದ ಸ್ಟಾರ್‌ಗಳ ತಂಡಕ್ಕೆ ಸೇರಿದ. ಮತ್ತೆ ಟ್ರೇಡ್, ಈ ಸಲ ಅರಿಝೋನಾಗೆ, ಮೂರು ತಂಡ ಸೇರಿ ಮಾಡಿದ ಡೀಲ್. ಅದೇ ಡೀಲ್‌ನಲ್ಲಿ ಅರಿಝೋನಾದಿಂದ ಡೆಟ್ರಾಯಿಟ್‌ಗೆ ಹೋದ ಹುಡುಗ ಮ್ಯಾಕ್ಸ್ ಶೆರ್ಜರ್. ಮುಂದೆ ಆತ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೂರು ಸಲ ಗೆದ್ದ. ಅರಿಝೋನಾದವರು ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಿರಬೇಕು ಪಾಪ.

[ಪರದೆ ಮೇಲೆ: 25 ಜೂನ್ 2010. ಕೆಳಗೆ ಬಾಲ್ ಎಣಿಸುವ ಮೀಟರ್ ಓಡುತ್ತಿರುತ್ತದೆ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಅರಿಝೋನಾ ತಂಡ ಟ್ಯಾಂಪಾಗೆ ಬಂದಿದೆ, ಅಂದರೆ ಜಾಕ್ಸನ್‌ನ ಹಳೇ ಮೈದಾನ, ಎದುರಿಗೆ ಹಳೇ ತಂಡ. ಅವತ್ತು ಈತ ನೋ-ಹಿಟ್ಟರ್ ಎಸೆದ. ಒಂಬತ್ತು ಇನ್ನಿಂಗ್ಸ್ ಪೂರ್ತಿ ಎದುರಾಳಿಗೆ ಒಂದೂ ಹಿಟ್ ಕೊಡದೆ (ಬಾಲ್ ಹೊಡೆದು ಬೇಸ್, ಅಂದರೆ ರನ್‌ಗಾಗಿ ಓಡಿ ಸುತ್ತಬೇಕಾದ ನಿಲ್ದಾಣ, ಮುಟ್ಟಿದರೆ ಹಿಟ್) ಮುಗಿಸಿದರೆ ಅದಕ್ಕೆ ಆ ಹೆಸರು. ದೊಡ್ಡ ದೊಡ್ಡ ಪಿಚರ್‌ಗಳಿಗೂ ಜೀವಮಾನದಲ್ಲಿ ಒಂದು ಸಿಗುವುದಿಲ್ಲ.

ಆದರೆ ಸ್ಕೋರ್‌ಕಾರ್ಡ್ ನೋಡಿದರೆ ನಗು ಬರುತ್ತದೆ. ನಾಲ್ಕು ಕೆಟ್ಟ ಬಾಲ್ ಹಾಕಿದರೆ ಬ್ಯಾಟರ್ ಹೊಡೆಯದೇ ಮೊದಲ ಬೇಸ್‌ಗೆ ನಡೆದುಕೊಂಡು ಹೋಗಬಹುದು, ಅದು ವಾಕ್. ಜಾಕ್ಸನ್ ಅವತ್ತು ಎಂಟು ವಾಕ್ ಕೊಟ್ಟ, ಅದರಲ್ಲಿ ಏಳು ಮೊದಲ ಮೂರು ಇನ್ನಿಂಗ್ಸ್‌ನಲ್ಲೇ! ಮೂರನೇ ಇನ್ನಿಂಗ್ಸ್‌ನಲ್ಲಂತೂ ಮೂರೂ ಬೇಸ್ ಭರ್ತಿ, ಔಟ್ ಒಂದೂ ಆಗಿಲ್ಲ. ಅದು ಹೇಗೋ ರನ್ ಕೊಡದೆ ಪಾರಾದ. ಮ್ಯಾನೇಜರ್‌ಗಳು, ಅಂದರೆ ತಂಡದ ಮುಖ್ಯ ಕೋಚ್‌ಗಳು, ಸಾಮಾನ್ಯವಾಗಿ 100 ಬಾಲ್ ಆಯಿತು ಅಂದರೆ ಪಿಚರ್‌ನನ್ನು ಕೂರಿಸುವ ಯೋಚನೆ ಮಾಡುತ್ತಾರೆ. ಈತ ಹೊರಗೆ ಬರಲು ಒಪ್ಪಲೇ ಇಲ್ಲ. ಕೊನೆಗೆ ಎಸೆದದ್ದು 149 ಬಾಲ್. ಅರಿಝೋನಾ ಗೆದ್ದದ್ದು 1-0, ಆ ಒಂದು ರನ್ ಆಡಮ್ ಲರೋಷ್ ಹೊಡೆದ ಹೋಮ್ ರನ್‌ನಿಂದ ಬಂದದ್ದು. ಇಷ್ಟು ಕೊಳಕಾದ, ಇಷ್ಟು ಚಂದದ ನೋ-ಹಿಟ್ಟರ್ ಇನ್ನೊಂದು ಇರಲಿಕ್ಕಿಲ್ಲ.

ಆರು ದಿನಕ್ಕೆ ಆ ಮ್ಯಾನೇಜರ್ ಕೆಲಸ ಹೋಯಿತು. 35 ದಿನಕ್ಕೆ ಜಾಕ್ಸನ್‌ನನ್ನೇ ಶಿಕಾಗೋ ವೈಟ್ ಸಾಕ್ಸ್‌ಗೆ ಕಳಿಸಿದರು. ಹೌದು, ನೋ-ಹಿಟ್ಟರ್ ಎಸೆದು ಐದು ವಾರಕ್ಕೆ.

ಮುಂದಿನ ವರ್ಷದ್ದು ಇನ್ನೂ ಮಜಾ. 2011ರ ಜುಲೈ 27. ಟೊರಾಂಟೋಗೆ ಸೇಂಟ್ ಲೂಯಿಸ್‌ನ ಕೋಲ್ಬಿ ರ‍್ಯಾಸ್ಮಸ್ ಬೇಕು. ಸೇಂಟ್ ಲೂಯಿಸ್‌ಗೆ ಒಬ್ಬ ಸ್ಟಾರ್ಟರ್ ಬೇಕು. ಆ ಸ್ಟಾರ್ಟರ್ ಇರುವುದು ಶಿಕಾಗೋದಲ್ಲಿ. ಸರಿ, ಟೊರಾಂಟೋದವರು ಜಾಕ್ಸನ್‌ನನ್ನು ಶಿಕಾಗೋದಿಂದ ತಗೊಂಡು ಅದೇ ದಿನ ಸೇಂಟ್ ಲೂಯಿಸ್‌ಗೆ ದಾಟಿಸಿಬಿಟ್ಟರು. ಟೊರಾಂಟೋ ಆಟಗಾರ ಅಂತ ಇದ್ದದ್ದು ಬರೀ ಕೆಲವು ಗಂಟೆ, ಒಂದು ಬಾಲ್ ಕೂಡ ಎಸೆಯದೆ. ಅವತ್ತು ಆತನ ಜೊತೆ ಅದೇ ಡೀಲ್‌ನಲ್ಲಿ ಹೋದ ಇನ್ನೊಬ್ಬ ಪಿಚರ್ ಆಕ್ಟೇವಿಯೋ ಡೊಟೆಲ್. ಮರುವರ್ಷ ಡೊಟೆಲ್ 13ನೇ ತಂಡಕ್ಕೆ ಆಡಿ ದಾಖಲೆ ಮಾಡಿದ. ಅದನ್ನು ಮುರಿಯುವವನು ಅವತ್ತು ಪಕ್ಕದಲ್ಲೇ ಇದ್ದ! (ಡೊಟೆಲ್ 2025ರ ಏಪ್ರಿಲ್‌ನಲ್ಲಿ ಸ್ಯಾಂಟೋ ಡೊಮಿಂಗೋದ ನೈಟ್‌ಕ್ಲಬ್ ಚಾವಣಿ ಕುಸಿದಾಗ ತೀರಿಕೊಂಡರು.)

ಆ ವರ್ಷ ಸೇಂಟ್ ಲೂಯಿಸ್ ವರ್ಲ್ಡ್ ಸೀರೀಸ್ ಗೆದ್ದಿತು. ಜಾಕ್ಸನ್ ಶುರು ಮಾಡಿದ ನಾಲ್ಕನೇ ಪಂದ್ಯ ಸೋತರೂ ಗೆದ್ದ ತಂಡದವರಿಗೆ ಕೊಡುವ ಚಾಂಪಿಯನ್ ಉಂಗುರ ಉಂಗುರವೇ.

[ಪರದೆ ಮೇಲೆ: ದುಡ್ಡಿನ ಲೆಕ್ಕ]

2012ಕ್ಕೆ ವಾಷಿಂಗ್ಟನ್ ಒಂದು ವರ್ಷಕ್ಕೆ 1.1 ಕೋಟಿ ಡಾಲರ್ ಕೊಟ್ಟಿತು. ಆಮೇಲೆ ಶಿಕಾಗೋ ಕಬ್ಸ್ ನಾಲ್ಕು ವರ್ಷಕ್ಕೆ 5.2 ಕೋಟಿ ಡಾಲರ್, ಆಗಿನ ರೇಟ್‌ನಲ್ಲಿ ಹತ್ತಿರ ಹತ್ತಿರ 280 ಕೋಟಿ ರೂಪಾಯಿ. ಅಂತೂ ನೆಲೆ ಸಿಕ್ಕಿತು ಅನ್ನುವಷ್ಟರಲ್ಲಿ ಆಟ ಕೈಕೊಟ್ಟಿತು. 2013ರಲ್ಲಿ 8 ಗೆಲುವು, 18 ಸೋಲು. 2014ರಲ್ಲಿ 6 ಗೆಲುವು, 15 ಸೋಲು. 2015ರ ಮಧ್ಯದಲ್ಲಿ ಕಬ್ಸ್ ಕೈಬಿಟ್ಟರು. ಆದರೆ ಬೇಸ್‌ಬಾಲ್‌ನಲ್ಲಿ ಕಾಂಟ್ರಾಕ್ಟ್ ಅಂದರೆ ಕಾಂಟ್ರಾಕ್ಟ್, ತಂಡದಿಂದ ತೆಗೆದರೂ ಸಂಬಳ ಕೊಡಲೇಬೇಕು. 2016ರಲ್ಲಿ ಕಬ್ಸ್ 108 ವರ್ಷದ ನಂತರ ಚಾಂಪಿಯನ್ ಆದಾಗ ಅವರ ಸಂಬಳದ ಪಟ್ಟಿಯಲ್ಲಿ ಜಾಕ್ಸನ್ ಇನ್ನೂ ಇದ್ದ, ಆಡುತ್ತಿದ್ದದ್ದು ಮಾತ್ರ ಮಯಾಮಿ, ಸ್ಯಾನ್ ಡಿಯಾಗೋಗೆ.

ಬೇರೆ ತಂಡಗಳು ಯಾಕೆ ತಗೊಂಡವು ಅಂತ ಈಗ ಅರ್ಥ ಆಗಿರಬೇಕು. ಹಳೇ ತಂಡ ಸಂಬಳ ಕೊಡುತ್ತಿದೆ, ಹೊಸ ತಂಡ ಲೀಗ್‌ನ ಕನಿಷ್ಠ ಸಂಬಳ ಕೊಟ್ಟರೆ ಸಾಕು. ಐದು ಸ್ಟಾರ್ಟರ್‌ಗಳಲ್ಲಿ ಇಬ್ಬರಿಗೆ ಗಾಯ ಆಗಿದ್ದರೆ ನಾಳೆ ಯಾರಾದರೂ ಎಸೆಯಬೇಕಲ್ಲ? ತೋಳು ಗಟ್ಟಿಯಿರುವ, ಅನುಭವ ಇರುವ, ಡ್ರೆಸಿಂಗ್ ರೂಮಿನಲ್ಲಿ ತಕರಾರು ಮಾಡದ ಪಿಚರ್ ಅಗ್ಗಕ್ಕೆ ಸಿಗುತ್ತಾನೆ ಅಂದರೆ ಯಾರು ಬೇಡ ಅನ್ನುತ್ತಾರೆ. ಗಾಯಾಳುಗಳು ವಾಪಸ್ ಬಂದ ಮೇಲೆ ಇವನಿಗೆ ಜಾಗ ಇಲ್ಲ. ಪಟ್ಟಿಯಿಂದ ಹೆಸರು ತೆಗೆದರೆ ಒಂದು ವಾರದೊಳಗೆ ಟ್ರೇಡ್ ಮಾಡಬೇಕು, ಇಲ್ಲ ಬಿಡಬೇಕು. ಮತ್ತೆ ಸೂಟ್‌ಕೇಸ್.

2018ರ ಜೂನ್‌ನಲ್ಲಿ ಓಕ್ಲೆಂಡ್‌ಗೂ ಇದೇ ಗತಿ ಬಂದಿತ್ತು, ಸ್ಟಾರ್ಟರ್‌ಗಳೆಲ್ಲ ಗಾಯ. ಜಾಕ್ಸನ್ ಬಂದ. 13ನೇ ತಂಡ, ಡೊಟೆಲ್ ದಾಖಲೆಗೆ ಸಮ. 34 ವರ್ಷದ, ಎಲ್ಲರೂ ಮುಗಿಯಿತು ಅಂದುಕೊಂಡಿದ್ದ ಈ ಮನುಷ್ಯ 17 ಪಂದ್ಯ ಶುರು ಮಾಡಿ 6 ಗೆದ್ದ, 3 ಸೋತ. ಓಕ್ಲೆಂಡ್ ಆ ವರ್ಷ 97 ಪಂದ್ಯ ಗೆದ್ದಿತು. ನೋ-ಹಿಟ್ಟರ್‌ಗಿಂತ ನನಗೆ ಇದೇ ದೊಡ್ಡದು ಅನಿಸುತ್ತದೆ.

2019ರ ಮೇ 15. 14ನೇ ತಂಡ. ಯಾವುದು ಹೇಳಿ? ಟೊರಾಂಟೋ! ಎಂಟು ವರ್ಷದ ಹಿಂದೆ ಕೆಲವೇ ಗಂಟೆ ಇಟ್ಟುಕೊಂಡು ದಾಟಿಸಿದ್ದರಲ್ಲ, ಅವರೇ. ಅವತ್ತೇ ಒಂದು ಬಾಲ್ ಎಸೆಯಲು ಬಿಟ್ಟಿದ್ದರೆ ಓಕ್ಲೆಂಡ್‌ನಲ್ಲೇ ದಾಖಲೆ ಮುರಿದಿರುತ್ತಿತ್ತು. ಆ ಸೀಸನ್ ಆತನಿಗೆ ತೀರಾ ಕೆಟ್ಟದಾಗಿತ್ತು, ಸುಮ್ನೆ ಮುಚ್ಚಿಡುವುದು ಬೇಡ. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 9.58 ರನ್ ಕೊಟ್ಟ. ಟೊರಾಂಟೋ ಬಿಟ್ಟಿತು, ಹಳೇ ಡೆಟ್ರಾಯಿಟ್ ಮತ್ತೆ ಕರೆಯಿತು. ಅವರು ಆ ವರ್ಷ 114 ಪಂದ್ಯ ಸೋತಿದ್ದರು, ಕಳೆದುಕೊಳ್ಳಲು ಏನೂ ಇರಲಿಲ್ಲ. ಮೇಜರ್ ಲೀಗ್ ಲೆಕ್ಕ ಅಲ್ಲಿಗೆ ನಿಂತಿತು: 107 ಗೆಲುವು, 133 ಸೋಲು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? 2021ರ ಟೋಕಿಯೋ ಒಲಿಂಪಿಕ್ಸ್. ಮೇಜರ್ ಲೀಗ್ ತಂಡಗಳ 40 ಜನರ ಪಟ್ಟಿಯಲ್ಲಿ ಇದ್ದವರನ್ನು ಆ ಒಲಿಂಪಿಕ್ಸ್‌ಗೆ ಬಿಟ್ಟಿರಲಿಲ್ಲ. ಹಾಗಾಗಿ ಅಮೆರಿಕ ತಂಡದಲ್ಲಿ ಇನ್ನೂ ಮೇಲೆ ಬರದ ಹುಡುಗರು, ಕೆಲಸ ಇಲ್ಲದ ಹಿರಿಯರು. ಜಾಕ್ಸನ್‌ಗೆ ಜಾಗ ಸಿಕ್ಕಿತು. ಫೈನಲ್‌ನಲ್ಲಿ ಜಪಾನ್ 2-0ಯಿಂದ ಗೆದ್ದಿತು, ಈತನಿಗೆ ಬೆಳ್ಳಿ ಪದಕ. 2022ರಲ್ಲಿ ನಿವೃತ್ತಿ ಹೇಳಿದ.

[ಪರದೆ ಮೇಲೆ: ಜುಲೈ 2025, ಶಿಕಾಗೋ, ರಿಗ್ಲಿ ಫೀಲ್ಡ್]

ದಾಖಲೆ ಒಬ್ಬನ ಹೆಸರಲ್ಲೇ ಉಳಿದದ್ದು ಆರು ವರ್ಷ. 2025ರ ಜುಲೈನಲ್ಲಿ ರಿಚ್ ಹಿಲ್ ಅನ್ನುವ ಪಿಚರ್ ಕಾನ್ಸಾಸ್ ಸಿಟಿ ಪರ ಆಡಿದ. ಅದು ಆತನ 14ನೇ ತಂಡ, ವಯಸ್ಸು 45. ಎರಡು ಪಂದ್ಯ ಆಗುತ್ತಿದ್ದಂತೆ ಕಾನ್ಸಾಸ್ ಸಿಟಿಯವರು ಆತನನ್ನೂ ಪಟ್ಟಿಯಿಂದ ತೆಗೆದರು. ಹಿಲ್ ಕಥೆಯಲ್ಲಿ ಗಾಯ, ವಾಪಸಾತಿ, ಮತ್ತೆ ಗಾಯ, ಎಲ್ಲ ಇದೆ, ಜಾಕ್ಸನ್‌ದಕ್ಕಿಂತ ಪೂರ್ತಿ ಬೇರೆ. ಬೇಕು ಅಂದರೆ ಕಾಮೆಂಟ್‌ನಲ್ಲಿ ಹೇಳಿ, ಮುಂದಿನ ವಿಡಿಯೋ ಅದರ ಮೇಲೇ ಮಾಡೋಣ.